ಕೊನೆಯ ಸವಾರ ಬರುವತನಕ ಊಟವಿಲ್ಲ

ನಮ್ಮ ಸೋದರಮಾವನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಹತ್ತಿದರೂ ಬೀಳುತ್ತಾರೆ, ತಳ್ಳಿಕೊಂಡು ಹೋದರೂ ಬೀಳುತ್ತಾರೆ! ಆದರೆ ಸೈಕಲ್ ರೇಸಿನ ವಿಷಯದಲ್ಲಿ ಈ ಇಡೀ ಕಾಶಿಯಲ್ಲಿ ಅವರನ್ನು ಮೀರಿಸುವವರಿದ್ದರೆ ಕರೆತನ್ನಿ. ನಾನು ನನ್ನ ಮೇಷ್ಟರಿಕೆಗೆ ರಾಜೀನಾಮೆ ಕೊಟ್ಟು ಲಂಕಾ ಚೌಕದಲ್ಲಿ ಪಾನ್ ಅಂಗಡಿ ಇಡುತ್ತೇನೆ.

ಮಾವ ಪುರೋಹಿತರು. ಶಿವಾಲದಿಂದ ಕೇದಾರ ಘಾಟಿನ ಕಡೆ ಹೋಗುವ ಗಲ್ಲಿಯೊಂದರಲ್ಲಿ ಮೂರು ತಲೆಮಾರಿನಿಂದ ಅವರ ಮನೆಯಿದೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ತೀರ್ಥಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ಕಸುಬು. ನನ್ನ ಅಮ್ಮ ಹುಟ್ಟಿದ್ದೂ ಆ ಮನೆಯಲ್ಲೇ. ಮದುವೆಯಾಗಿ ಮೈಸೂರು ಸೇರಿದಳು. ನಾನು ಉಲ್ಟಾ ದಾರಿ ಹಿಡಿದು, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಹೇಳಿಕೊಡಲು ಬಂದೆ. ಬಂದ ಮೊದಲ ವಾರವೇ ಮಾವ ನನ್ನನ್ನು ಕೂರಿಸಿಕೊಂಡು ವಿಚಾರಿಸಿದ್ದು ಊಟವಾಯಿತೇ, ಮನೆ ಸಿಕ್ಕಿತೇ ಅಂತಲ್ಲ. "ನಿಮ್ಮ ಕ್ವಾರ್ಟರ್ಸಿನಲ್ಲಿ ಇಂಟರ್‌ನೆಟ್ಟು ಚೆನ್ನಾಗಿ ಬರತ್ತೇನೇ?" ಅಂತ. ಆ ಪ್ರಶ್ನೆಯ ಹಿಂದೆ ಎಂಥ ಕುಣಿಕೆ ಇತ್ತು ಅಂತ ಆಗ ನನಗೇನು ಗೊತ್ತು!

ಪ್ರತಿ ಆಷಾಢದಲ್ಲಿ ಫ್ರಾನ್ಸ್ ದೇಶದಲ್ಲಿ ಮೂರು ವಾರದ ಸೈಕಲ್ ರೇಸು ನಡೆಯುತ್ತದೆ. ಬೆಳಿಗ್ಗೆ ಒಂದೂರಿನಿಂದ ಹೊರಟು ಸಂಜೆಗೆ ಇನ್ನೊಂದೂರು ಸೇರಬೇಕು. ಹೀಗೆ ಇಪ್ಪತ್ತೊಂದು ದಿನ ಸವಾರಿ, ನಡುವೆ ಎರಡು ದಿನ ಸುಸ್ತಾರಿಸಿಕೊಳ್ಳಲು ಬಿಡುವು. ಗೆದ್ದವನಿಗೆ ಹಳದಿ ಅಂಗಿ, ಬೆಟ್ಟ ಹತ್ತುವುದರಲ್ಲಿ ಗಟ್ಟಿಗನಿಗೆ ಕೆಂಪು ಚುಕ್ಕಿಯ ಅಂಗಿ. ಇದನ್ನೆಲ್ಲ ಮಾವ ಫೋನಿನಲ್ಲಿ ನೋಡುತ್ತಾರೆ. ನೋಡಲಿ, ಯಾರು ಬೇಡ ಅಂದರು? ಆದರೆ ಪಿಂಡ ಹಾಕಿಸುವಾಗಲೂ ಅದೇ ಮಾತಾದರೆ? ಒಮ್ಮೆ ದಾವಣಗೆರೆಯ ಯಾತ್ರಿಕರೊಬ್ಬರು, "ಪಂಚಕ್ರೋಶಿ ಯಾತ್ರೆ ಅಂದರೆ ಏನು ಶಾಸ್ತ್ರಿಗಳೇ?" ಅಂತ ಕೇಳಿಬಿಟ್ಟರು. ಕಾಶಿಯನ್ನು ಐದು ದಿನ ಬರಿಗಾಲಲ್ಲಿ ಸುತ್ತುವುದು ಅಂದಿದ್ದರೆ ಮುಗಿದಿತ್ತು. ಮಾವ, "ಫ್ರಾನ್ಸಿನ ಸೈಕಲ್ ರೇಸು ಇದೆಯಲ್ಲ ಸ್ವಾಮಿ, ಥೇಟ್ ಹಾಗೆ. ನಮ್ಮದು ಐದು ಮುಕ್ಕಾಮು, ಅವರದು ಇಪ್ಪತ್ತೊಂದು" ಅಂತ ಶುರು ಮಾಡಿದವರು ಆಲ್ಪ್ಸ್ ಪರ್ವತದ ನೆತ್ತಿಗೆ ಹೋಗಿ ನಿಂತರು. ಕೊನೆಗೆ ಆ ಪುಣ್ಯಾತ್ಮರು ಮೆಲ್ಲಗೆ, "ನಮ್ಮಪ್ಪನ ಪಿಂಡ ಕೈಯಲ್ಲೇ ಇದೆ ಶಾಸ್ತ್ರಿಗಳೇ, ಇಳಿಸಲಾ?" ಅಂದರಂತೆ.

ಸಂಧ್ಯಾವಂದನೆಯ ಕಥೆ ಇನ್ನೂ ಚೆನ್ನಾಗಿದೆ. ಇಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ರೇಸು ಕಾವೇರಿರುತ್ತದೆ. ಸವಾರರು ಸಪಾಟು ರಸ್ತೆಯಲ್ಲಿದ್ದರೆ ಮಾವನ ಗಾಯತ್ರಿ ನೂರೆಂಟು. ಬೆಟ್ಟ ಶುರುವಾದರೆ ಇಪ್ಪತ್ತೆಂಟು. ಕಡಿದಾದ ಇಳಿಜಾರು ಬಂದರೆ ಹತ್ತಕ್ಕೇ ಮಂಗಳ! "ಶಾಸ್ತ್ರದಲ್ಲಿ ಅವಕಾಶ ಇದೆ ಕಣೇ, ಆಪತ್ಕಾಲಕ್ಕೆ ಹತ್ತು ಸಾಕು" ಅನ್ನುತ್ತಾರೆ. ಆಪತ್ತು ಯಾರದ್ದು ಅಂತ ಕೇಳುವ ಧೈರ್ಯ ನನಗಿಲ್ಲ.

ಒಂದು ಸಂಜೆ ಗೋದೌಲಿಯಾ ಪೇಟೆಯಿಂದ ಇಬ್ಬರೂ ಸೈಕಲ್ ರಿಕ್ಷಾದಲ್ಲಿ ಮನೆಗೆ ಬರುತ್ತಿದ್ದೆವು. ರಿಕ್ಷಾ ತುಳಿಯುವವನ ಬೆನ್ನು ತಟ್ಟಿ ಮಾವ, "ಭಯ್ಯಾ, ಆಗೇವಾಲೇ ಕೇ ಠೀಕ್ ಪೀಛೇ ರಹೋ, ಹವಾ ನಹೀಂ ಲಗೇಗೀ" ಅಂದರು. ಮುಂದಿನವನ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಡೆಯುವುದಿಲ್ಲವಂತೆ, ಶಕ್ತಿ ಉಳಿಯುತ್ತದಂತೆ, ರೇಸಿನವರೆಲ್ಲ ಹಾಗೇ ಮಾಡುತ್ತಾರಂತೆ. ಸುತ್ತ ಮುತ್ತ ಎಮ್ಮೆ, ಇ-ರಿಕ್ಷಾ, ಮದುವೆಯ ಬ್ಯಾಂಡು, ಜನ! ಒಂದು ಮೊಳ ಅಲುಗಾಡಲು ಜಾಗವಿಲ್ಲ. ಅವನು ಹೆಗಲ ಮೇಲಿನ ಗಮ್ಛಾದಿಂದ ಬೆವರು ಒರೆಸಿಕೊಂಡು ಹಿಂತಿರುಗಿ ನೋಡಿದ. "ಪಂಡಿಜ್ಜೀ, ಇಹಾಂ ಹವಾ ಕಹಾಂ ಬಾ?" ಇಲ್ಲಿ ಗಾಳಿ ಇದ್ದರೆ ತಾನೇ ತಡೆಯುವುದು! ನಾನು ನಕ್ಕು ನಕ್ಕು ರಿಕ್ಷಾದಿಂದ ಬೀಳುವುದೊಂದು ಬಾಕಿ.

ಆದರೆ ಇವೆಲ್ಲ ಚಿಲ್ಲರೆ ಹುಚ್ಚು. ಮಾವನ ನಿಜವಾದ ಹುಚ್ಚು ಏನು ಗೊತ್ತೆ? ಅವರಿಗೆ ಗೆದ್ದವನು ಬೇಡ. ಹಳದಿ ಅಂಗಿಯವನು ಕೈಯೆತ್ತಿಕೊಂಡು ಬಂದರೆ ಫೋನನ್ನು ತಿರುಗಿಸಿ ಇಡುತ್ತಾರೆ. "ಅವನನ್ನ ನೋಡೋಕೆ ಲೋಕವೇ ಇದೆ. ಕೊನೆಯವನು ಎಲ್ಲಿದ್ದಾನೆ ನೋಡೇ" ಅನ್ನುತ್ತಾರೆ. ಕೊನೆಯವನು ಬರುವಷ್ಟರಲ್ಲಿ ಪ್ರಸಾರ ಮುಗಿದಿರುತ್ತದೆ. ಆಗ ಶುರು ನನ್ನ ಪಾಡು! ಒಂಬತ್ತು ಹೊಡೆಯುತ್ತಲೇ ಲಂಕಾ ಬಡಾವಣೆಯ ನನ್ನ ಮನೆಗೆ ಫೋನು.

"ಎಲ್ಲರೂ ಬಂದರೇನೇ?"

ನಾನು ಇಂಟರ್‌ನೆಟ್ಟು ಜಾಲಾಡಬೇಕು. "ನೂರ ಐವತ್ತೆಂಟು ಜನ ಬಂದರು ಮಾವ."

"ಹೊರಟಿದ್ದು ನೂರ ಐವತ್ತೊಂಬತ್ತು. ನಾನು ಬರೆದುಕೊಂಡಿದ್ದೀನಿ."

"ಒಬ್ಬನಿಗೆ ಹೊಟ್ಟೆ ಕೆಟ್ಟಿತಂತೆ. ದಾರಿಯಲ್ಲಿ ಕಾರು ಹತ್ತಿಬಿಟ್ಟನಂತೆ."

"ಕಾರಲ್ಲಾದರೂ ಬಂದನಲ್ಲ. ಸರಿ, ಎಲೆ ಹಾಕು ಅಂತ ನಿಮ್ಮತ್ತೆಗೆ ಹೇಳ್ತೀನಿ."

ಹೌದು, ಅಲ್ಲಿಯವರೆಗೆ ಮಾವ ಊಟಕ್ಕೆ ಏಳುವುದಿಲ್ಲ! ಅತ್ತೆಯ ದನಿ ಹಿಂದಿನಿಂದ ಕೇಳಿಸುತ್ತದೆ: "ಫ್ರಾನ್ಸಿನಲ್ಲಿ ಯಾವನೋ ಬೆಟ್ಟ ಹತ್ತಲಿಲ್ಲ ಅಂತ ಶಿವಾಲದಲ್ಲಿ ನನ್ನ ಸಾರು ಆರಿ ಮಂಜುಗಡ್ಡೆ ಆಗಬೇಕಾ?" ನನ್ನ ಮಗಳಂತೂ ಮಾವನಿಗೆ 'ಸೈಕಲ್ ನಾನಾ', ಅಂದರೆ ಸೈಕಲ್ ತಾತ, ಅಂತಲೇ ಹೆಸರಿಟ್ಟಿದ್ದಾಳೆ. ಫೋನು ಬಡಿದುಕೊಂಡರೆ, "ಮಮ್ಮಾ, ಸೈಕಲ್ ನಾನಾ ಕಾ ಅಟೆಂಡೆನ್ಸ್!" ಅಂತ ಕೂಗುತ್ತಾಳೆ.

ಬಂದ ಹೊಸತರಲ್ಲಿ ನಾನೂ ಹೀಗೇ ನಗುತ್ತಿದ್ದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಅತ್ತೆ ಹೇಳಿದ ಮೇಲೆ ನಗುವುದು ಕಷ್ಟವಾಯಿತು.

ಮಾವನಿಗೆ ಒಬ್ಬ ತಮ್ಮನಿದ್ದ. ನನ್ನ ಚಿಕ್ಕಮಾವ. ಮದುವೆಯಾಗಿರಲಿಲ್ಲ, ಅಣ್ಣನ ಜೊತೆಯಲ್ಲೇ ಪೌರೋಹಿತ್ಯ. ಮನಸ್ಸು ಮಾತ್ರ ಪೌರೋಹಿತ್ಯದಲ್ಲಿ ಇರಲಿಲ್ಲ. ಘಾಟಿನಲ್ಲಿ ತಿಂಗಳುಗಟ್ಟಲೆ ಇದ್ದ ವಿದೇಶಿಯೊಬ್ಬ ಊರಿಗೆ ಹೋಗುವಾಗ ಬಾಗಿದ ಹಿಡಿಯ ತನ್ನ ರೇಸ್ ಸೈಕಲನ್ನು ಇವನಿಗೆ ಕೊಟ್ಟು ಹೋಗಿದ್ದ. ಅಂದಿನಿಂದ ದಿನಾ ಬೆಳಿಗ್ಗೆ ಸಾರನಾಥ, ರಾಮನಗರ, ಒಮ್ಮೊಮ್ಮೆ ಚುನಾರ್‌ವರೆಗೂ ಸವಾರಿ. ಆಷಾಢ ಬಂದರೆ ಯಾರದೋ ಮನೆಯ ಟೀವಿಯ ಮುಂದೆ ಕೂತು ಈ ಫ್ರಾನ್ಸಿನ ರೇಸು. ಮಾವನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ದಿನ ಹಾಸನದಿಂದ ಬಂದ ದೊಡ್ಡ ಕುಟುಂಬ ಒದ್ದೆ ಬಟ್ಟೆಯಲ್ಲಿ ಘಾಟಿನ ಮೇಲೆ ಕಾದು ಕೂತಿದೆ. ದರ್ಭೆ, ಎಳ್ಳು ತರಬೇಕಾದ ಚಿಕ್ಕಮಾವ ಸವಾರಿಗೆ ಹೋದವನು ಎರಡು ಗಂಟೆ ತಡ. ಬಂದಾಗ ಮಾವ ಅಷ್ಟು ಜನರ ಮುಂದೆ, "ಸೈಕಲ್ ಮೇಲೇ ಬಾಳ್ವೆ ಮಾಡೋನು ಸೈಕಲ್ ಮೇಲೇ ಎಲ್ಲಾದರೂ ಹೋಗು, ಮನೆಗೆ ಯಾಕೆ ಬರ್ತೀಯ?" ಅಂದುಬಿಟ್ಟರು. ಚಿಕ್ಕಮಾವ ಸೈಕಲ್ಲನ್ನು ಕಟ್ಟೆಗೆ ಒರಗಿಸಿದ. ಎಳ್ಳಿನ ಪೊಟ್ಟಣ ಕೊಟ್ಟ, ಕೆಲಸ ಮುಗಿಸಿದ. ಮರುದಿನ ಬೆಳಿಗ್ಗೆ ಎಂದಿನಂತೆ ಸೈಕಲ್ ಹತ್ತಿ ಚುನಾರ್ ಕಡೆ ಹೋದವನು ಬರಲಿಲ್ಲ. ಆಸ್ಪತ್ರೆ, ಠಾಣೆ, ರೈಲು ನಿಲ್ದಾಣ, ಗಂಗೆಯ ದೋಣಿಯವರು, ಎಲ್ಲರನ್ನೂ ಕೇಳಿದ್ದಾಯಿತು. ಮನುಷ್ಯನೂ ಸಿಗಲಿಲ್ಲ, ಸೈಕಲ್ಲೂ ಸಿಗಲಿಲ್ಲ.

ಮಾವ ರೇಸು ನೋಡಲು ಶುರು ಮಾಡಿದ್ದು ಮುಂದಿನ ವರ್ಷದಿಂದ.

ಯಾಕೆ ಅಂತ ನಾನು ಒಮ್ಮೆ ನೇರವಾಗಿ ಕೇಳಿದೆ. ನನ್ನ ಬಾಯಿ ಸುಮ್ಮನಿರುವ ಪೈಕಿ ಅಲ್ಲ. ಮಾವ ಫೋನಿನಿಂದ ಕಣ್ಣು ತೆಗೆಯದೆ, "ಎಲ್ಲಿದ್ದರೂ ಅವನು ಈ ಹೊತ್ತಿಗೆ ಇದನ್ನ ನೋಡ್ತಾ ಇರ್ತಾನೆ ಕಣೇ. ಇಬ್ಬರೂ ಒಂದೇ ಕಡೆ ನೋಡ್ತಾ ಇರ್ತೀವಿ" ಅಂದರು. ಅಂದೇ ನಾನು ಅವರಿಗೆ ಹೊಸ ಫೋನು ಕೊಡಿಸಿದೆ. ಹಳೆಯದರಲ್ಲಿ ಚಿತ್ರ ನಿಂತು ನಿಂತು ಬರುತ್ತಿತ್ತು.

ಇದರ ನಡುವೆ ಒಂದು ಮುಳ್ಳಿತ್ತು. ಮನೆಬಿಟ್ಟವನ ಸುದ್ದಿ ಹನ್ನೆರಡು ವರ್ಷ ಇಲ್ಲದಿದ್ದರೆ ಅವನು ಸತ್ತನೆಂದೇ ತಿಳಿದು, ದರ್ಭೆಯಲ್ಲಿ ಒಂದು ಆಕೃತಿ ಮಾಡಿ, ಅದಕ್ಕೆ ಸಂಸ್ಕಾರ ಮಾಡಿ, ಎಳ್ಳುನೀರು ಬಿಡುವುದು ನಮ್ಮವರ ಪದ್ಧತಿ. ಎಷ್ಟೋ ಜನರಿಗೆ ಮಾವನೇ ಮಾಡಿಸಿದ್ದಾರೆ. ಹೆಂಡತಿಯರು ಅತ್ತರೆ, "ಬಾಯಾರಿ ಅಲೆಯೋ ಜೀವಕ್ಕೆ ನೀರು ಕೊಡಿ ತಾಯಿ" ಅಂತ ಸಮಾಧಾನ ಹೇಳಿದ್ದಾರೆ. ಮೈಸೂರಿನಿಂದ ಅಮ್ಮ ಪ್ರತಿ ವಾರ ಫೋನಿನಲ್ಲಿ ಕೇಳುತ್ತಿದ್ದುದು ಅದನ್ನೇ: "ಊರಿನೋರಿಗೆಲ್ಲ ಹೇಳ್ತೀಯಲ್ಲೋ, ನಮ್ಮವನು ಬಾಯಾರಿ ಅಲೀತಾ ಇದ್ದರೆ?" ಮಾವನ ಉತ್ತರ ಒಂದೇ. "ಇನ್ನೂ ಹನ್ನೆರಡಾಗಿಲ್ಲ ಅಕ್ಕ."

ಈಗ ಹೇಳುವುದು ಮೂರು ವರ್ಷದ ಹಿಂದಿನ ಮಾತು. ಆ ಸಲದ ರೇಸಿನಲ್ಲಿ ಕೊನೆಯಲ್ಲೇ ಉಳಿಯುತ್ತಿದ್ದ ಒಬ್ಬ ಸವಾರನಿದ್ದ. ಹೆಸರು ಹೇಳಬೇಕಾದರೆ ನಾಲಗೆಯನ್ನು ಮೂರು ಮಡಿಕೆ ಮಾಡಬೇಕು. ಮಾವನಿಗೆ ಅವನ ಮೇಲೆ ಪ್ರಾಣ. ಒಂದು ದಿನ ಬೆಟ್ಟದ ಇಳಿಜಾರಿನಲ್ಲಿ ತಿರುವು ತಪ್ಪಿ ಅವನು ಕಣಿವೆಗೆ ಬಿದ್ದ. ಹೆಲಿಕಾಪ್ಟರು ಬಂತು. ಪ್ರಸಾರದವರು ದನಿ ತಗ್ಗಿಸಿದರು. ಅದೇ ಹೊತ್ತಿಗೆ ಶಿವಾಲದಲ್ಲಿ ಕರೆಂಟು ಹೋಗಿ ಇಂಟರ್‌ನೆಟ್ಟು ಕೈಕೊಟ್ಟಿತು. ನಾನು ಸಮ್ಮೇಳನಕ್ಕೆಂದು ಲಖನೌಗೆ ಹೋಗಿದ್ದೆ, ಫೋನು ಎತ್ತಲಿಲ್ಲ. ಮರುದಿನದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಇನ್ನೇನು ಬೇಕು?

ಮಾವ ಉಟ್ಟ ಬಟ್ಟೆಯಲ್ಲೇ ಗಂಗೆಯಲ್ಲಿ ಮುಳುಗಿ ಎದ್ದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ಸಂಪ್ರದಾಯ. ಕಾಶ್ಯಪ ಗೋತ್ರದ ಆ ಪರಂಗಿ ಸವಾರನಿಗೆ ಹತ್ತು ದಿನ ಎಳ್ಳುನೀರು ಬಿಟ್ಟರು! ಕಾಶಿಯಲ್ಲಿ ನೀರು ಬಿಡಿಸಿಕೊಳ್ಳಲು ಜನ ಎಲ್ಲೆಲ್ಲಿಂದಲೋ ಟಿಕೆಟ್ಟು ಕೊಂಡು ಬರುತ್ತಾರೆ. ಈ ಮಹಾರಾಯನಿಗೆ ಕೂತಲ್ಲಿಗೇ ಮೋಕ್ಷ!

ಸೂತಕವೆಂದು ಮಾವ ಆ ಹತ್ತು ದಿನ ಫೋನು ಮುಟ್ಟಲೇ ಇಲ್ಲ. ಹನ್ನೊಂದನೆಯ ದಿನ ನಾನು ಹೋಗಿ ವಿಷಯ ತಿಳಿದು, ಫೋನು ತೆಗೆದು ತೋರಿಸಿದೆ. ಆಸ್ಪತ್ರೆಯ ಮಂಚದ ಮೇಲೆ ಅವನು, ಹೆಗಲಿಗೆ ಪಟ್ಟಿ, ಮುಖದ ತುಂಬ ನಗು. ಮಾವನ ಮುಖ ಬಿಳಿಚಿಕೊಂಡಿತು. "ಬದುಕಿರೋನಿಗೆ ಎಳ್ಳುನೀರು ಬಿಟ್ಟೆನಲ್ಲೇ! ಎಂಥ ಅನ್ಯಾಯ ಮಾಡಿದೆ!"

"ಅವನಿಗೇನು ಗೊತ್ತು ಮಾವ? ಬಿಡಿ" ಅಂದೆ.

"ಅವನಿಗೆ ಗೊತ್ತಿಲ್ಲದಿದ್ದರೆ ಶಾಸ್ತ್ರಕ್ಕೆ ಗೊತ್ತಿಲ್ಲವಾ?"

ಸತ್ತನೆಂದು ಕರ್ಮ ಮಾಡಿಸಿಕೊಂಡವನು ಬದುಕಿ ಬಂದರೆ ಅವನಿಗೆ ಮತ್ತೆ ಹುಟ್ಟಿನಿಂದ ಸಂಸ್ಕಾರ ಮಾಡಬೇಕಂತೆ. ಒಳ್ಳೆಯ ಮುಹೂರ್ತ ನೋಡಿ ಮಾವ ಜಾತಕರ್ಮಕ್ಕೆ ಕೂತರು. ಮಗುವಿನ ನಾಲಗೆಗೆ ಚಿನ್ನದಿಂದ ಜೇನು ತುಪ್ಪ ಮುಟ್ಟಿಸಬೇಕು. ಮಗು ಎಲ್ಲಿದೆ? ನನ್ನ ಫೋನಿನಲ್ಲಿದೆ! ಅತ್ತೆಯ ಉಂಗುರ ಅದ್ದಿ ಆ ಗಾಜಿಗೇ ಬಳಿದರು. ಮೂರು ದಿನ ನನ್ನ ಫೋನು ಮುಟ್ಟಿದರೆ ಅಂಟು, ಬಿಟ್ಟರೆ ತಾನೇ ಯಾರಿಗೋ ಕರೆ ಮಾಡುತ್ತಿತ್ತು. ನಾಮಕರಣವೂ ಆಯಿತು: ಮಾರ್ಕಂಡೇಯ. ಸಾವನ್ನು ಗೆದ್ದವನಿಗೆ ಇನ್ಯಾವ ಹೆಸರು? ಅತ್ತೆ ಗೊಣಗುತ್ತಲೇ ಹೆಸರುಬೇಳೆ ಪಾಯಸ ಮಾಡಿದರು. ಪಕ್ಕದ ಮನೆಯಾಕೆ ಪಾಯಸ ತಿನ್ನುತ್ತ, "ಕಿಸಕಾ ನಾಮಕರಣ್ ಹೈ?" ಅಂದದ್ದಕ್ಕೆ ಅತ್ತೆ, "ಲಡಕಾ ಹುವಾ ಹೈ. ತೀಸ್ ಸಾಲ್ ಕಾ" ಅಂದರು. ಗಂಡು ಮಗು ಹುಟ್ಟಿದೆ, ಮೂವತ್ತು ವರ್ಷದ್ದು!

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವ ಮಾತ್ರ ನಗಲಿಲ್ಲ. ಪಾಯಸದ ಲೋಟ ಕೆಳಗಿಟ್ಟು, "ಇನ್ನು ಅವನ ಮಾತು ಯಾರೂ ಎತ್ತಬೇಡಿ. ಹನ್ನೆರಡಾಗಲಿ, ಇಪ್ಪತ್ನಾಲ್ಕಾಗಲಿ, ನಾನು ಮಾಡಲ್ಲ" ಅಂದರು. ಅವನು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ಹನ್ನೆರಡು ವರ್ಷ ತುಂಬಿದ್ದು ಕಳೆದ ಆಷಾಢದಲ್ಲಿ. ಅಮ್ಮ ಮೈಸೂರಿನಿಂದ ಹೊರಟೇಬಿಟ್ಟಳು. ಎರಡು ಮಂಡಿಯೂ ಹೋಗಿವೆ, ಎರಡು ಮೆಟ್ಟಿಲಿಗೊಮ್ಮೆ ದೇವರನ್ನು ಕರೆಯುತ್ತಾಳೆ. ಹಾಗೇ ಕರೆಯುತ್ತ ಕರೆಯುತ್ತ ತಾನು ಹುಟ್ಟಿದ ಮನೆ ಹತ್ತಿದಳು. ಕಾಲು ತೊಳೆದು ತಮ್ಮನ ಎದುರಿಗೆ ಕೂತಳು.

"ಹನ್ನೆರಡಾಯಿತು."

"ಆಗಲ್ಲ ಅಕ್ಕ. ಒಂದು ಸಲ ಅವಸರ ಮಾಡಿ ಬದುಕಿರೋನಿಗೆ ನೀರು ಬಿಟ್ಟಿದ್ದೀನಿ."

"ಕೇಳಿದೀನಿ. ನಿನ್ನ ಮಾರ್ಕಂಡೇಯ ಏನಾದ?"

ಮಾವ, "ಮುಂದಿನ ವರ್ಷ ಮತ್ತೆ ಬಂದ. ಕೊನೆಯಲ್ಲೇ ಬಂದ" ಅಂದರು.

"ನೀನು ಹತ್ತು ದಿನ ನೀರು ಬಿಟ್ಟೆ. ಅವನು ಸತ್ತನೇನೋ?"

"ಇಲ್ಲ."

"ಹಾಗಾದರೆ ಇವನೂ ಸಾಯಲ್ಲ ಕಣೋ. ನೀನು ನೀರು ಬಿಟ್ಟೆ ಅಂತ ಯಾರೂ ಸಾಯಲ್ಲ. ಸತ್ತಿದ್ದರೆ ಅವನ ಬಾಯಾರಿಕೆ ತೀರತ್ತೆ. ಬದುಕಿದ್ದರೆ ಬರಲಿ. ನೀನು ಜಾತಕರ್ಮ ಮಾಡು. ನಾನು ತೊಟ್ಟಿಲು ತೂಗ್ತೀನಿ."

ಮೂರು ಕ್ಲಾಸು ಸಂಸ್ಕೃತವನ್ನೂ ಓದದ ನನ್ನಮ್ಮ, ಕಾಶಿಯ ಪುರೋಹಿತನ ಬಾಯಿ ಮುಚ್ಚಿಸಿದ್ದಳು. ಮಾವ ಮುಖ ಗೋಡೆಯ ಕಡೆ ತಿರುಗಿಸಿದರು. ಆ ಕಡೆಗೇ ಮುಖವಿಟ್ಟು, "ಹೋಗು ಅಂದಿದ್ದು ನಾನೇ ಅಕ್ಕ" ಅಂದರು. ಅಷ್ಟು ಹೇಳಲು ಅವರಿಗೆ ಹನ್ನೆರಡು ವರ್ಷ ಬೇಕಾಗಿತ್ತು. ಅಮ್ಮ, "ಗೊತ್ತು. ಅವತ್ತೇ ನಿನ್ನ ಹೆಂಡತಿ ಹೇಳಿದಳು" ಅಂದು ಅವರ ಬೆನ್ನ ಮೇಲೆ ಕೈಯಿಟ್ಟಳು.

ಸಂಸ್ಕಾರ ಮಾಡಿಸಲು ಪಕ್ಕದ ಗಲ್ಲಿಯ ಭಟ್ಟರು ಬಂದರು. ಮಾವನ ಹಳೆಯ ಸ್ನೇಹಿತರು. ಗಂಗೆ ಏರಿ ಕೆಳಗಿನ ಮೆಟ್ಟಿಲೆಲ್ಲ ಮುಳುಗಿದ್ದವು. ಮೇಲಿನ ಕಟ್ಟೆಯ ಮೇಲೆ ಜಾಗ ಮಾಡಿಕೊಂಡರು. ಮಾವ ಜೀವಮಾನವೆಲ್ಲ ಮಂತ್ರ ಹೇಳಿಸುವ ಕಡೆ ಕೂತವರು. ಇವತ್ತು ಹೇಳಿಸಿಕೊಳ್ಳುವ ಕಡೆ. ಅಭ್ಯಾಸಬಲ ಎಲ್ಲಿ ಹೋಗುತ್ತದೆ? ಭಟ್ಟರು ಒಂದು ಸ್ವರ ಎಳೆದರೆ ತಿದ್ದುತ್ತಾರೆ, ಬೆರಳಿನ ದರ್ಭೆಯ ಪವಿತ್ರ ಎಡವಟ್ಟಾಯಿತು ಅನ್ನುತ್ತಾರೆ, ನನ್ನನ್ನು ನೋಡಿ "ನೀರು ಅಲ್ಲಿಡಬೇಡ" ಅನ್ನುತ್ತಾರೆ. ಭಟ್ಟರು ಕೈಮುಗಿದು, "ಶಾಸ್ತ್ರಿಗಳೇ, ಇವತ್ತೊಂದು ದಿನ ನೀವು ಯಜಮಾನರು. ಸುಮ್ಮನೆ ಕೂತ್ಕೊಳಿ" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ಹೆದರಿದ್ದರು, ಅಷ್ಟೇ.

ಭಟ್ಟರು ಹಲಗೆಯ ಮೇಲೆ ದರ್ಭೆಯ ಆಕೃತಿ ಕಟ್ಟತೊಡಗಿದರು. ತಲೆ ಆಯಿತು, ಕೈ ಆಯಿತು, ಕಾಲು ಆಯಿತು. ಮಾವ ಬಗ್ಗಿ ನೋಡಿದರು.

"ಭಟ್ರೇ, ಕಾಲು ಇನ್ನೊಂದು ಸ್ವಲ್ಪ ಉದ್ದ ಮಾಡಿ."

"ಅಳತೆ ಸರಿಯಾಗೇ ಇದೆಯಲ್ಲ. ಎಲ್ಲರಿಗೂ ಇಷ್ಟೇ. ನೀವೇ ಕಲಿಸಿದ್ದು."

"ಹೌದು, ನಾನೇ ಕಲಿಸಿದ್ದು" ಅಂದರು ಮಾವ. "ಆದರೆ ಅವನು ನನಗಿಂತ ಎತ್ತರ."

ಭಟ್ಟರ ಕೈ ನಿಂತಿತು. ಹಿಂದೆ ಕೂತಿದ್ದ ಅಮ್ಮ ಮಂಡಿ ಊರಿಕೊಂಡು ಮುಂದೆ ಬಂದಳು. "ಹೌದು, ಅಪ್ಪನ ಪಂಚೆ ಅವನಿಗೆ ಮೊಣಕಾಲಿಗೆ ಬರ್ತಿತ್ತು" ಅಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವನ ತುಟಿ ನಗಲು ಹೋಗಿ ಅಳುವಾಯಿತು. ದೊಡ್ಡ ದನಿ ತೆಗೆದು, ಘಾಟಿನ ದೋಣಿಯವರು ತಿರುಗಿ ನೋಡುವಂತೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಭಟ್ಟರ ಕೈಯಿಂದ ದರ್ಭೆ ತೆಗೆದುಕೊಂಡರು. ತಾವೇ ಒಂದೊಂದು ಎಳೆ ಸೇರಿಸಿ ಕಾಲು ಕಟ್ಟತೊಡಗಿದರು. ಅಮ್ಮ ಪಕ್ಕದಲ್ಲಿ ಕೂತು, "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುತ್ತಿದ್ದಳು. ಮುಹೂರ್ತ ಮೀರುತ್ತಿತ್ತು. ಭಟ್ಟರು ಅವಸರ ಮಾಡಲಿಲ್ಲ.